ಶಿಳ್ಳೆ ಬೇರೆ, ಟಿಕೆಟ್ ಬೇರೆ!

ಮೊನ್ನೆ ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದ ಕಟ್ಟೆಯ ಮೇಲೆ ನಾಲ್ಕು ಮಂದಿ ಹುಡುಗರು. ಒಬ್ಬನ ಬೈಕಿನ ಮೇಲೆ ಅವನ ಹೀರೋ ಚಿತ್ರ. ಇನ್ನೊಬ್ಬನ ಮುಂಗೈಯಲ್ಲಿ ಹೀರೋ ಹೆಸರಿನ ಹಚ್ಚೆ. ಮಾತು ಬಿಸಿಬಿಸಿಯಾಗಿ ನಡೆದಿತ್ತು.

"ನಮ್ ಬಾಸ್ ಒಂದ್ಸಲ ಎಲೆಕ್ಷನ್ನಿಗೆ ನಿಂತ್ಕೊಂಡ್ರೆ ಸಾಕು ಮಗಾ... ಡೈರೆಕ್ಟಾಗಿ ಸಿ.ಎಂ.!"

"ಡೈರೆಕ್ಟಾಗಿ ಹೆಂಗೋ ಆಗ್ತಾರೆ?"

"ಜನ ಇಲ್ವಾ? ಕಟೌಟಿಗೆ ಹಾಲು ಸುರಿಯೋ ಜನಾನೇ ಸಾಕು!"

ನನಗೆ ನಗು ಬಂತು. ನಗುವಿನ ಹಿಂದೆಯೇ ಸ್ವಲ್ಪ ನಾಚಿಕೆಯೂ ಬಂತು. ಯಾಕಂತೀರಾ? ನಲವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಇದೇ ಮಾತನ್ನು ಎದೆ ಉಬ್ಬಿಸಿ ಆಡಿದವನು ನಾನೇ! ಆಗ ನನ್ನ ಸೋದರಮಾವ ಒಂದು ಪ್ರಶ್ನೆ ಕೇಳಿದ್ದರು. ಆ ಪ್ರಶ್ನೆಗೆ ನಾನು ತಲೆ ತಗ್ಗಿಸಿದ್ದೆ. ಆ ಕಥೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ಹೀರೋ ಇದ್ದಾನೆ, ಒಳಗಿನ ದ್ರೋಹ ಇದೆ, ಇಂಟರ್‌ವಲ್ ಇದೆ. ಕ್ಲೈಮ್ಯಾಕ್ಸ್ ಮಾತ್ರ ನಾವು ಅಂದುಕೊಂಡ ಹಾಗಿಲ್ಲ.

ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ

ನಮ್ಮದು ಗಡಿ ಸೀಮೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಇಲ್ಲಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಆಂಧ್ರದ ಹಿಂದೂಪುರ. ರಾಜಣ್ಣನ ಚಿತ್ರಕ್ಕೆ ಇಲ್ಲಿ, ಎನ್.ಟಿ. ರಾಮರಾಯರ ಚಿತ್ರಕ್ಕೆ ಅಲ್ಲಿ. ಎರಡು ಕಡೆಯೂ ಮೊದಲ ದಿನ, ಮೊದಲ ಆಟ. 1982ರಲ್ಲಿ 'ಬೊಬ್ಬಿಲಿ ಪುಲಿ' ಬಂದಾಗ ಶಿಳ್ಳೆ ಹೊಡೆದೂ ಹೊಡೆದೂ ಎರಡು ದಿನ ನನ್ನ ತುಟಿ ಊದಿತ್ತು.

ಸೋದರಮಾವ ಒಂದು ಟೂರಿಂಗ್ ಟಾಕೀಸಿನಲ್ಲಿ ಗೇಟ್‌ಕೀಪರ್. ಬಂದವರ ಟಿಕೆಟ್ ಹರಿದು, ಅರ್ಧ ಅವರ ಕೈಗೆ ಕೊಟ್ಟು, ಇನ್ನರ್ಧ ಡಬ್ಬಿಗೆ ಹಾಕುವುದು ಅವರ ಕೆಲಸ. ಸೆಕೆಂಡ್ ಶೋ ಶುರುವಾದ ಮೇಲೆ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಆ ತುಂಡುಗಳನ್ನು ಸುರುವಿಕೊಂಡು ನೆಲ ಎಷ್ಟು, ಬೆಂಚು ಎಷ್ಟು, ಕುರ್ಚಿ ಎಷ್ಟು ಅಂತ ಎಣಿಸುತ್ತಿದ್ದರು. ಹಂಚಿಕೆದಾರರ ಕಡೆಯ ರೆಪ್ರೆಸೆಂಟೇಟಿವ್ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದ.

1984ರ ಆಗಸ್ಟ್ ತಿಂಗಳ ಒಂದು ರಾತ್ರಿ. ನಾನು ಉಸಿರು ಬಿಡುತ್ತಾ ಓಡಿ ಹೋದೆ. "ಮಾವ, ಕೇಳಿದ್ರಾ? ರೇಡಿಯೋದಲ್ಲಿ ಬಂತು. ರಾಮರಾಯರನ್ನ ಗವರ್ನರ್ ತೆಗೆದು ಹಾಕಿಬಿಟ್ಟವ್ರೆ! ಜನ ಎಲ್ಲಾ ಅವರ ಕಡೆ ಇರೋವಾಗ ಅದು ಹೆಂಗೆ ತೆಗೀತಾರೆ?"

ಮಾವ ಎಣಿಕೆ ನಿಲ್ಲಿಸಲಿಲ್ಲ. "ಫಸ್ಟ್ ಶೋನಲ್ಲಿ ಶಿಳ್ಳೆ ಎಷ್ಟು ಬಿತ್ತು ಹೇಳು ಅಳಿಯ?"

"ಅದಕ್ಕೆ ಲೆಕ್ಕ ಎಲ್ಲಿದೆ ಮಾವ!"

"ಹೂಂ. ಈ ರೆಪ್ರೆಸೆಂಟೇಟಿವ್ ಶಿಳ್ಳೆ ಲೆಕ್ಕ ಕೇಳಲ್ಲ ಕಣೋ. ಈ ತುಂಡು ಕೇಳ್ತಾನೆ. ಅಲ್ಲೂ ಅಷ್ಟೇ. ಜನ ಹೊಡೆದದ್ದು ಶಿಳ್ಳೆ. ಎಮ್ಮೆಲ್ಲೆ ಅನ್ನೋನು ಟಿಕೆಟ್ಟು. ಯಾರ ಡಬ್ಬೀಲಿ ಎಷ್ಟು ಟಿಕೆಟ್ ಐತೆ ಅಂತ ಎಣಿಸ್ತಾರೆ. ಅಷ್ಟೇ."

ನಾನು ಬಿಡಲಿಲ್ಲ. ರಾಮರಾಯರು ಅಂಥವರು, ಇಂಥವರು ಅಂತ ಶುರು ಮಾಡಿದೆ. ಅವರ ಚಿತ್ರಗಳ ಹೆಸರು, ನಿರ್ದೇಶಕರು, ಎಲ್ಲೆಲ್ಲಿ ಶತದಿನ... ಎಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಮಾವ ಎಲ್ಲವನ್ನೂ ಕೇಳಿ, ಕೊನೆಗೆ ತಣ್ಣಗೆ ಒಂದು ಮಾತು ಕೇಳಿದರು.

"ಸರಿ ಅಳಿಯ. ನಿನ್ನ ಊರಿನ ಎಮ್ಮೆಲ್ಲೆ ಯಾರು?"

ನನಗೆ ಗೊತ್ತಿರಲಿಲ್ಲ, ಓದುಗ ಮಿತ್ರರೇ! ಪಕ್ಕದ ರಾಜ್ಯದ ಮುಖ್ಯಮಂತ್ರಿಯ ಹುಟ್ಟುಹಬ್ಬ ಗೊತ್ತಿದ್ದ ನನಗೆ ನನ್ನ ಊರಿನ ಟಿಕೆಟ್ಟು ಯಾರ ಡಬ್ಬಿಯಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ.

ಮೊದಲ ರೀಲು: ಒಂಬತ್ತೇ ತಿಂಗಳು

ಈಗಿನ ಹುಡುಗರಿಗೆ ಆ ಕಥೆ ಸ್ವಲ್ಪ ಹೇಳಬೇಕು. ತೆರೆಯ ಮೇಲೆ ರಾಮ, ಕೃಷ್ಣ ಆಗಿ ಮನೆಮನೆಯ ದೇವರ ಗೂಡಿನಲ್ಲಿ ಕ್ಯಾಲೆಂಡರ್ ಚಿತ್ರವಾಗಿದ್ದ ರಾಮರಾಯರು 1982ರ ಮಾರ್ಚ್ 29ರಂದು ತೆಲುಗುದೇಶಂ ಪಕ್ಷ ಕಟ್ಟಿದರು. 'ಚೈತನ್ಯ ರಥಂ' ಎಂಬ ವ್ಯಾನು ಹತ್ತಿ ಊರೂರು ಸುತ್ತಿದರು. ವ್ಯಾನು ಓಡಿಸಿದವರು ಮಗ ಹರಿಕೃಷ್ಣ. ಒಂಬತ್ತು ತಿಂಗಳು ಕಳೆದು ಮತ ಎಣಿಸಿದರೆ 294 ಸ್ಥಾನಗಳಲ್ಲಿ ಇನ್ನೂರಕ್ಕೂ ಹೆಚ್ಚು ಅವರ ಪಕ್ಷಕ್ಕೆ! 1983ರ ಜನವರಿ 9ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ. ಮಾರನೆಯ ದಿನವೇ, ಜನವರಿ 10ರಂದು, ನಮ್ಮ ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ.

ಇಲ್ಲಿ ಒಂದು ವಿಷಯ ಗಮನಿಸಿ. ಮುಖ್ಯಮಂತ್ರಿಯನ್ನು ನಾವು ನೀವು ನೇರವಾಗಿ ಆರಿಸೋದಿಲ್ಲ. ನಾವು ಆರಿಸೋದು ನಮ್ಮ ಕ್ಷೇತ್ರದ ಒಬ್ಬ ಶಾಸಕನನ್ನು. ಗೆದ್ದ ಶಾಸಕರು ಸಭೆ ಸೇರಿ ತಮ್ಮ ಶಾಸಕಾಂಗ ಪಕ್ಷದ ನಾಯಕನನ್ನು ಆರಿಸುತ್ತಾರೆ. ಬಹುಮತ ಯಾರಿಗಿದೆ ಅಂತ ನೋಡಿ ರಾಜ್ಯಪಾಲರು ಆ ನಾಯಕನನ್ನು ಕರೆಯುತ್ತಾರೆ. ನಮ್ಮ ವಿಧಾನಸಭೆಗೆ 224 ಸ್ಥಾನ, ಅರ್ಧದ ಗೆರೆ ದಾಟಲು 113 ಬೇಕು. ಅಂದಿನ ಆಂಧ್ರದ 294ಕ್ಕೆ 148. ಹೀರೋ ಆಗಲಿ, ಹೀರೋ ಅಪ್ಪನಾಗಲಿ, ಸದನದ ಒಳಗೆ ಅವನ ಕೈಗೂ ಒಂದೇ ಮತ.

ಇಂಟರ್‌ವಲ್: ನಂದಿ ಬೆಟ್ಟದ ಅತಿಥಿಗಳು

1984ರಲ್ಲಿ ರಾಮರಾಯರು ಹೃದಯದ ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋದರು. ಆಗಸ್ಟ್ ನಡುವೆ ವಾಪಸು ಬಂದರು. ಬರುವಷ್ಟರಲ್ಲಿ ಮನೆಯೊಳಗೇ ಬೆಂಕಿ. ಅವರದೇ ಸಂಪುಟದ ಹಣಕಾಸು ಸಚಿವ ನಾದೆಂಡ್ಲ ಭಾಸ್ಕರ ರಾವ್ "ಬಹುಮತ ನನಗಿದೆ" ಎಂದರು. ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲ್ ರಾಮರಾಯರನ್ನು ವಜಾ ಮಾಡಿ ಭಾಸ್ಕರ ರಾಯರಿಗೆ ಪಟ್ಟ ಕಟ್ಟಿಬಿಟ್ಟರು. ಸದನದಲ್ಲಿ ಎಣಿಸಲೇ ಇಲ್ಲ! ಡಬ್ಬಿ ತೆರೆಯದೆ ಕಲೆಕ್ಷನ್ ಬರೆದ ಹಾಗಾಯಿತು.

ಆಮೇಲೆ ನಡೆದದ್ದು ಸಿನಿಮಾಕ್ಕೂ ಮಿಗಿಲು. ಆಗಷ್ಟೇ ಎದೆ ಹೊಲಿಸಿಕೊಂಡು ಬಂದ ಮನುಷ್ಯ ಗಾಲಿಕುರ್ಚಿಯಲ್ಲಿ ಕೂತು, ಸುಮಾರು 160 ಶಾಸಕರನ್ನು ಕರೆದುಕೊಂಡು ದೆಹಲಿಗೆ ಹೋದರು. ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದೆ "ನೀವೇ ಎಣಿಸಿ ನೋಡಿ" ಅನ್ನುವ ಹಾಗೆ ನಿಲ್ಲಿಸಿದರು. ಅಲ್ಲಿಂದ ಆ ಶಾಸಕರನ್ನು ಯಾರೂ ಎಗರಿಸಿಕೊಂಡು ಹೋಗದ ಹಾಗೆ ಕಾಯಬೇಕಲ್ಲ? ಕಾದದ್ದು ನಮ್ಮ ಕರ್ನಾಟಕ! ಹೆಗಡೆಯವರ ಸರ್ಕಾರದ ನೆರಳಿನಲ್ಲಿ ಅವರು ಇಲ್ಲಿ ತಂಗಿದರು. ನಂದಿ ಬೆಟ್ಟದ ಮೇಲೂ ಅವರ ಬಿಡಾರ. ಆ ದಿನಗಳಲ್ಲಿ ನಾವು ಹುಡುಗರು ಬೆಟ್ಟದ ಕಡೆ ನೋಡಿ "ರಾಮರಾಯರ ಟಿಕೆಟ್‌ಗಳೆಲ್ಲಾ ಮೇಲವೆ" ಅಂತ ಮಾತಾಡಿಕೊಳ್ಳುತ್ತಿದ್ದೆವು. ಮಾವನ ಮಾತು ಅಷ್ಟರಲ್ಲಿ ನಮ್ಮ ಬಾಯಿಗೆ ಹತ್ತಿತ್ತು.

ಆಂಧ್ರದ ಬೀದಿಗಳಲ್ಲಿ ಜನ ಎದ್ದು ನಿಂತರು. ದೇಶದ ವಿರೋಧ ಪಕ್ಷಗಳೆಲ್ಲ ಒಂದಾದವು. ರಾಮಲಾಲ್ ಹೋಗಿ ಶಂಕರ ದಯಾಳ ಶರ್ಮ ರಾಜ್ಯಪಾಲರಾಗಿ ಬಂದರು. ಒಂದು ತಿಂಗಳು ಸಮಯ ಕೊಟ್ಟರೂ ಭಾಸ್ಕರ ರಾಯರಿಗೆ ಬಹುಮತ ತೋರಿಸಲು ಆಗಲಿಲ್ಲ. ಸೆಪ್ಟೆಂಬರ್ 16ರಂದು ರಾಮರಾಯರು ಮತ್ತೆ ಮುಖ್ಯಮಂತ್ರಿ! ಹಿಂದೂಪುರದಲ್ಲಿ ಪಟಾಕಿ. ನಾನು ಮಾವನ ಹತ್ತಿರ ಹೋಗಿ "ನೋಡಿದ್ರಾ, ಶಿಳ್ಳೆ ಗೆಲ್ತು!" ಎಂದೆ. ಮಾವ ಅಂದದ್ದು ಇಷ್ಟೇ: "ಗೆದ್ದದ್ದು ಶಿಳ್ಳೆ ಅಲ್ಲ ಅಳಿಯ. ಶಿಳ್ಳೆಗೆ ಹೆದರಿ ಟಿಕೆಟ್ಟು ಡಬ್ಬೀಲೇ ಉಳೀತು. ಹೆದರಿಕೆ ಹೋದ ದಿನ ನೋಡು."

ನನ್ನ ಮೊದಲ ಓಟು

1985ರ ಮಾರ್ಚ್‌ನಲ್ಲಿ ಎರಡೂ ರಾಜ್ಯಗಳಲ್ಲಿ ಚುನಾವಣೆ. ಆಗ ಓಟಿನ ವಯಸ್ಸು 21. ಅದನ್ನು 18ಕ್ಕೆ ಇಳಿಸಿದ್ದು 1989ರಲ್ಲಿ. ನನಗೆ ಸರಿಯಾಗಿ 21 ತುಂಬಿತ್ತು. ರಾಮರಾಯರು ನಿಂತ ಕ್ಷೇತ್ರಗಳಲ್ಲಿ ನಮ್ಮ ಪಕ್ಕದ ಹಿಂದೂಪುರವೂ ಒಂದು! ನನ್ನ ಓಟು ಈ ಕಡೆ ಇದೆಯಲ್ಲ ಅಂತ ಗಡಿಯನ್ನೇ ಬೈದುಕೊಂಡೆ.

ಈ ಕಡೆ ಗೌರಿಬಿದನೂರಿನಲ್ಲಿ ಜನತಾ ಪಕ್ಷದಿಂದ ನಿಂತವರು ಯಾರು ಗೊತ್ತೇ? ಮುಖ್ಯಮಂತ್ರಿ ಚಂದ್ರು! 'ಮುಖ್ಯಮಂತ್ರಿ' ಎಂಬ ನಾಟಕದಲ್ಲಿ ಮುಖ್ಯಮಂತ್ರಿಯ ಪಾತ್ರ ಮಾಡಿ, ಆ ಪಾತ್ರವೇ ಹೆಸರಿನ ಮುಂದೆ ಅಂಟಿಕೊಂಡ ನಟ. ಹಿಂದೂಪುರದಲ್ಲಿ ಬಣ್ಣ ಹಚ್ಚಿದ ನಿಜವಾದ ಮುಖ್ಯಮಂತ್ರಿ, ಗೌರಿಬಿದನೂರಿನಲ್ಲಿ ಬಣ್ಣದ ಮುಖ್ಯಮಂತ್ರಿ. ಇಬ್ಬರೂ ಗೆದ್ದರು. ಆಂಧ್ರದಲ್ಲಿ ತೆಲುಗುದೇಶಂ ಮತ್ತೆ ಇನ್ನೂರು ದಾಟಿತು. ಇಲ್ಲಿ ಜನತಾ ಪಕ್ಷಕ್ಕೆ 139 ಬಂತು.

ಆ ಸಲ ಮಾತ್ರ ನಾನು ಮಾವನ ಮಾತು ಮರೆಯಲಿಲ್ಲ. ನಮ್ಮ ಬೀದಿಗೆ ಓಟು ಕೇಳಲು ಬಂದ ಎಲ್ಲ ಅಭ್ಯರ್ಥಿಗಳ ಹೆಸರು, ಪಕ್ಷ, ಗುರುತು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಯಾರಿಗೆ ಒತ್ತಿದೆ ಅನ್ನೋದು ಬೇಡ, ಅದು ಗುಟ್ಟು. ಆದರೆ ಗೆದ್ದವರ ಹೆಸರನ್ನು ಆವತ್ತಿನಿಂದ ಮರೆತಿಲ್ಲ.

ಅದೇ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಬಂತು, ಪಕ್ಷಾಂತರ ನಿಷೇಧ. ಒಂದು ಪಕ್ಷದ ಚೀಟಿಯಲ್ಲಿ ಗೆದ್ದು ಇನ್ನೊಂದಕ್ಕೆ ಹಾರಿದರೆ ಸ್ಥಾನ ಹೋಗುತ್ತದೆ. ಆದರೆ ಕಾಯಿದೆಯಲ್ಲೇ ಒಂದು ಕಿಂಡಿ ಬಿಟ್ಟಿದ್ದರು. ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಟ್ಟಾಗಿ ಒಡೆದು ಹೋದರೆ ತಪ್ಪಿಲ್ಲ! ಆ ಕಿಂಡಿ ಮುಚ್ಚಿದ್ದು 2003ರಲ್ಲಿ, 91ನೇ ತಿದ್ದುಪಡಿಯಿಂದ. ಸದನದ ಬಲದ ನೂರಕ್ಕೆ 15ಕ್ಕಿಂತ ಹೆಚ್ಚು ಮಂದಿ ಮಂತ್ರಿಗಳು ಇರಕೂಡದು ಅಂದದ್ದೂ ಅದೇ ತಿದ್ದುಪಡಿ.

ಕ್ಲೈಮ್ಯಾಕ್ಸ್: ಅದೇ ಹೀರೋ, ಅದೇ ಎಣಿಕೆ

1989ರಲ್ಲಿ ರಾಮರಾಯರು ಸೋತರು. 1994ರಲ್ಲಿ ಮತ್ತೆ ಎದ್ದರು. ಹೇಗೆ? ತೆಲುಗುದೇಶಂ ಒಂದಕ್ಕೇ 216 ಸ್ಥಾನ! 1983ಕ್ಕಿಂತಲೂ ದೊಡ್ಡ ಜಯ. ಹಿಂದೂಪುರ ಈ ಸಲವೂ ಅವರ ಕೈ ಬಿಡಲಿಲ್ಲ.

ಒಂಬತ್ತು ತಿಂಗಳೂ ತುಂಬಲಿಲ್ಲ. 1995ರ ಆಗಸ್ಟ್, ಮತ್ತೆ ಅದೇ ಆಗಸ್ಟ್! ಈ ಸಲ ಎದುರು ನಿಂತವರು ಸ್ವಂತ ಅಳಿಯ, ಸಂಪುಟದ ಸಚಿವ ಚಂದ್ರಬಾಬು ನಾಯ್ಡು. ಹನ್ನೊಂದು ವರ್ಷದ ಹಿಂದೆ ಕುಟುಂಬ, ಪಕ್ಷ ಎಲ್ಲ ಅವರ ಕುರ್ಚಿಯ ಸುತ್ತ ಕೋಟೆ ಕಟ್ಟಿತ್ತು. ಈಗ ಕೋಟೆಯೇ ಆ ಕಡೆ ಹೋಯಿತು. ಶಾಸಕರಲ್ಲಿ ಹೆಚ್ಚಿನವರು ಹೈದರಾಬಾದಿನ ವೈಸರಾಯ್ ಹೋಟೆಲಿನಲ್ಲಿ ಸೇರಿದರು. ರಾಮರಾಯರು ತಮ್ಮ ಚೈತನ್ಯ ರಥ ಏರಿ ಹೋಟೆಲಿನ ಮುಂದೆ ಹೋದರು. ಅಲ್ಲಿ ಅವರ ಕಡೆಗೆ ಚಪ್ಪಲಿಗಳು ಬಿದ್ದವೆಂದು ಆಗ ವರದಿಯಾಯಿತು. ಒಂದು ಕಾಲಕ್ಕೆ ಹೂವು ಬೀಳುತ್ತಿದ್ದ ರಥ ಅದು!

ವಿಧಾನಸಭೆ ವಿಸರ್ಜಿಸಿ ಎಂದರು. ರಾಜ್ಯಪಾಲ ಕೃಷ್ಣಕಾಂತ್ ಒಪ್ಪಲಿಲ್ಲ, ಬಹುಮತ ತೋರಿಸಿ ಎಂದರು. ತೋರಿಸಲು ಕೈಯಲ್ಲಿ ಏನಿತ್ತು? ರಾಜೀನಾಮೆ ಕೊಟ್ಟರು. 1995ರ ಸೆಪ್ಟೆಂಬರ್ 1ರಂದು ನಾಯ್ಡು ಪ್ರಮಾಣ ಸ್ವೀಕರಿಸಿದರು. ಪಕ್ಷಾಂತರ ಕಾಯಿದೆ ಏನೂ ಮಾಡಲಾಗಲಿಲ್ಲ. ಹೆಚ್ಚಿನವರು ಎಲ್ಲಿದ್ದರೋ ಅದೇ ಪಕ್ಷ ಅನ್ನಿಸಿಕೊಂಡಿತು. 1996ರ ಜನವರಿ 18ರಂದು ರಾಮರಾಯರು ತೀರಿಕೊಂಡರು. ಕಟ್ಟಿದ ಪಕ್ಷ ಕೈಯಲ್ಲಿರಲಿಲ್ಲ.

ಆವತ್ತು ನಾನು ಹಿಂದೂಪುರದ ನನ್ನ ಗೆಳೆಯನ ಮನೆಗೆ ಹೋದೆ. ಅವನು ಗೋಡೆಯ ಮೇಲಿದ್ದ ಕೃಷ್ಣನ ವೇಷದ ಪಟಕ್ಕೆ ಹಾರ ಹಾಕಿ ಅಳುತ್ತಾ ಕೂತಿದ್ದ. "ಆಗಸ್ಟಿನಲ್ಲಿ ನೀವೆಲ್ಲಾ ಎಲ್ಲಿದ್ರೋ?" ಅಂದೆ. "ಅಣ್ಣಗಾರು ನೋಡ್ಕೊತಾರೆ ಅಂದ್ಕೊಂಡ್ವಿ ಕಣೋ" ಅಂದ. ಮಾವನ ಮಾತು ನೆನಪಾಯಿತು. 1984ರಲ್ಲಿ ಪ್ರತಿ ಶಾಸಕನಿಗೂ ತನ್ನ ಊರಿಗೆ ಹೋಗಲು ಹೆದರಿಕೆ ಇತ್ತು. 1995ರಲ್ಲಿ ಆ ಹೆದರಿಕೆ ಇರಲಿಲ್ಲ. ಬೀದಿಗಳು ಅಷ್ಟಾಗಿ ಏಳಲಿಲ್ಲ. ಹೀರೋ ಒಬ್ಬನೇ ನೂರು ಜನರನ್ನು ಹೊಡೆಯೋದು ಫೈಟ್ ಮಾಸ್ಟರ್ ಇದ್ದಾಗ ಮಾತ್ರ.

ಒಂದೇ ಮನೆ, ಎರಡು ಲೆಕ್ಕ

ಹಳೆಯ ಕಥೆ ಅಂತೀರಾ? ಹೊಸದೇ ತಗೊಳ್ಳಿ. 2008ರಲ್ಲಿ ಚಿರಂಜೀವಿ ಪ್ರಜಾರಾಜ್ಯಂ ಪಕ್ಷ ಕಟ್ಟಿದಾಗ ಸೇರಿದ ಜನಸಾಗರ ನೋಡಿ ಮುಂದಿನ ಮುಖ್ಯಮಂತ್ರಿ ಇವರೇ ಎಂದವರು ಎಷ್ಟು ಮಂದಿ! 2009ರಲ್ಲಿ ಬಂದದ್ದು 294ರಲ್ಲಿ 18. ನಿಂತ ಎರಡು ಕ್ಷೇತ್ರಗಳಲ್ಲಿ ಒಂದರಲ್ಲಿ ಅವರೇ ಸೋತರು. 2011ರಲ್ಲಿ ಪಕ್ಷ ಕಾಂಗ್ರೆಸ್ಸಿನಲ್ಲಿ ಕರಗಿತು. ತಮ್ಮ ಪವನ್ ಕಲ್ಯಾಣ್ 2019ರಲ್ಲಿ ಎರಡು ಕಡೆ ನಿಂತು ಎರಡೂ ಕಡೆ ಸೋತರು. ಪಕ್ಷಕ್ಕೆ ಒಂದೇ ಸ್ಥಾನ. 2024ರಲ್ಲಿ ಹಠ ಬಿಟ್ಟು ಮೈತ್ರಿ ಮಾಡಿಕೊಂಡರು, 21 ಕಡೆ ಮಾತ್ರ ನಿಲ್ಲಿಸಿದರು, 21ನ್ನೂ ಗೆದ್ದರು, ಉಪಮುಖ್ಯಮಂತ್ರಿಯಾದರು. ಅಭಿಮಾನಿಗಳು ಮೊದಲೂ ಇದ್ದರು, ಆಮೇಲೂ ಇದ್ದರು. ಬದಲಾದದ್ದು ಡಬ್ಬಿಯೊಳಗಿನ ಲೆಕ್ಕ.

ನಮ್ಮ ಮನೆಯ ದೋಸೆಯೂ ತೂತು

ನಂದಿ ಬೆಟ್ಟದಲ್ಲಿ ಪಕ್ಕದ ಮನೆಯ ಶಾಸಕರನ್ನು ಕಾದ ನಾವು ಬುದ್ಧಿವಂತರೇನು? 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಎಣಿಸದೆಯೇ ವಜಾ ಮಾಡಿದರು. ಆ ಮೊಕದ್ದಮೆಯಲ್ಲೇ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ. ದೇಶಕ್ಕೆಲ್ಲ ಆ ಪಾಠ ಹೋದದ್ದು ನಮ್ಮ ವಿಧಾನಸೌಧದಿಂದ.

2018ರ ಮೇ ತಿಂಗಳಿನಲ್ಲಿ 104 ಸ್ಥಾನ ಹಿಡಿದು ಪ್ರಮಾಣ ಮಾಡಿದ ಬಿ.ಎಸ್. ಯಡಿಯೂರಪ್ಪ ಮೂರೇ ದಿನದಲ್ಲಿ, ಎಣಿಕೆಗೆ ಮುಂಚೆಯೇ ರಾಜೀನಾಮೆ ಕೊಟ್ಟರು. ಬಂದವರು ಎಚ್.ಡಿ. ಕುಮಾರಸ್ವಾಮಿ, 'ಸೂರ್ಯವಂಶ', 'ಚಂದ್ರ ಚಕೋರಿ' ಚಿತ್ರಗಳ ನಿರ್ಮಾಪಕರು, ಕಲೆಕ್ಷನ್ ಲೆಕ್ಕ ಚೆನ್ನಾಗಿ ಬಲ್ಲವರು. 2019ರ ಜುಲೈ 23ರಂದು ಸದನದಲ್ಲಿ ತಲೆ ಎಣಿಸಿದರೆ ಪರವಾಗಿ 99, ವಿರುದ್ಧ 105. ಆರು ಟಿಕೆಟ್ ಕಮ್ಮಿ, ಆಟ ಬಂದ್! ರಾಜೀನಾಮೆ ಕೊಟ್ಟು ಹೋಗಿದ್ದ ಶಾಸಕರಲ್ಲಿ ತೆರೆಯ 'ಕೌರವ' ಬಿ.ಸಿ. ಪಾಟೀಲರೂ ಒಬ್ಬರು. ಅನರ್ಹರಾದರು, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಹಿರೇಕೆರೂರಿನಲ್ಲಿ ಮತ್ತೆ ಗೆದ್ದರು, ಮಂತ್ರಿಯೂ ಆದರು. 2023ರಲ್ಲಿ ಸೋತರು. ಗೆಲ್ಲಿಸಿದ್ದೂ ಸೋಲಿಸಿದ್ದೂ ಅದೇ ಊರಿನ ಓಟು.

ಹಾಗಾದರೆ ಶಿಳ್ಳೆಗೆ ಬೆಲೆಯೇ ಇಲ್ಲವೇ? ಇದೆ. 1982ರ ಗೋಕಾಕ್ ಚಳವಳಿ ನೆನೆಯಿರಿ. ಡಾ. ರಾಜ್ ಶಾಸಕರಲ್ಲ, ಮಂತ್ರಿಯಲ್ಲ. ಜೀವಮಾನದಲ್ಲಿ ಒಮ್ಮೆಯೂ ಚುನಾವಣೆಗೆ ನಿಂತವರಲ್ಲ. ಆದರೂ ಅವರು ಬೀದಿಗಿಳಿದಾಗ ವಿಧಾನಸೌಧ ಕಿವಿಗೊಡಬೇಕಾಯಿತು. ಶಿಳ್ಳೆ ಒಳಗಿನವರನ್ನು ಎಚ್ಚರಿಸುತ್ತದೆ. ಆದರೆ ಬಾಗಿಲು ಹಾಕಿಕೊಂಡು ಎಣಿಸುವಾಗ ಶಿಳ್ಳೆ ಹೊರಗೇ ಉಳಿಯುತ್ತದೆ. ಒಳಗೆ ಹೋಗೋದು ನೀವು ಕಳಿಸಿದ ಆ ಒಬ್ಬ ಮನುಷ್ಯ ಮಾತ್ರ.

ಬಸ್ಸು ಬಂತು

ಇದನ್ನೆಲ್ಲ ಆ ಹುಡುಗರಿಗೆ ಹೇಳುವಷ್ಟು ಹೊತ್ತಿರಲಿಲ್ಲ. ಮಾವ ಈಗಿಲ್ಲ, ಟೆಂಟೂ ಇಲ್ಲ. ಅವರ ಪ್ರಶ್ನೆ ಮಾತ್ರ ನನ್ನ ಹತ್ತಿರ ಇತ್ತು. ಅದನ್ನೇ ಕೇಳಿದೆ.

"ಬಾಸ್ ಸಿ.ಎಂ. ಆಗ್ಲಿ ಬಿಡ್ರಪ್ಪ, ಬಹಳ ಸಂತೋಷ. ನಿಮ್ಮ ಕ್ಷೇತ್ರದ ಎಮ್ಮೆಲ್ಲೆ ಯಾರು?"

ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಚ್ಚೆಯ ಹುಡುಗ ಮಾತ್ರ ಸ್ವಲ್ಪ ಯೋಚಿಸಿ ಹೆಸರು ಹೇಳಿದ. ಸರಿಯಾಗೇ ಹೇಳಿದ!

"ಹೆಂಗೆ ಗೊತ್ತು?" ಅಂದೆ.

"ನಮ್ ಬೀದಿ ಬೋರ್‌ವೆಲ್ ಕೆಟ್ಟಿತ್ತು ಅಂಕಲ್. ಎರಡು ಸಲ ಅವರ ಮನೆ ಹತ್ರ ಹೋಗಿದ್ದೆ."

"ಆಯ್ತಾ?"

"ಇನ್ನೂ ಇಲ್ಲ. ಮೂರನೇ ಸಲ ಹೋಗ್ತೀನಿ."

ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದರೆ ಅವನು ಉಳಿದ ಮೂವರಿಗೂ ಏನೋ ಹೇಳುತ್ತಿದ್ದ. ನಾಲ್ಕು ಜನ ಒಟ್ಟಿಗೆ ಹೋದರೆ ಬೋರ್‌ವೆಲ್ ಬೇಗ ಆಗುತ್ತದೆ ಅಂತಿರಬೇಕು. ನನಗಂತೂ ಆವತ್ತು ಮಾವನಿಗೆ ತಕ್ಕ ಅಳಿಯನೊಬ್ಬ ಸಿಕ್ಕ ಹಾಗಾಯಿತು.